ಅಪ್ಪನ ಮನಸ್ಸು ತಿದ್ದುವ ಮಗಳು

ಮಗಳು ಹುಟ್ಟಿದ ಮೇಲೆ ಲೋಕ ಬೇರೆಯಾಗಿ ಕಾಣತೊಡಗಿತು ಎನ್ನುವ ಗಂಡಸರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಅದು ಬರೀ ಅಕ್ಕರೆಯ ಮಾತೋ, ನಿಜಕ್ಕೂ ಆಗುವ ಬದಲಾವಣೆಯೋ? ಇದನ್ನು ಅಳೆದು ನೋಡಲು ಪ್ರಕೃತಿಯೇ ಒಂದು ದಾರಿ ಮಾಡಿಕೊಟ್ಟಿದೆ. ತಾಯಿಯ ಅಂಡದಲ್ಲಿರುವುದು ಎಕ್ಸ್ ವರ್ಣತಂತು ಮಾತ್ರ. ತಂದೆಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಯಾವುದು ಅಂಡವನ್ನು ಸೇರುತ್ತದೆ ಎಂಬುದು ಬಹುಮಟ್ಟಿಗೆ ಆಕಸ್ಮಿಕ. ಅಪ್ಪನ ಓದು, ಪಕ್ಷ, ನಂಬಿಕೆ ಯಾವುದಕ್ಕೂ ಅಲ್ಲಿ ಬೆಲೆಯಿಲ್ಲ. ಹಾಗಾಗಿ ಸಮಾನ ಸಂಖ್ಯೆಯ ಮಕ್ಕಳಿರುವ ಅಪ್ಪಂದಿರಲ್ಲಿ ಹೆಣ್ಣು ಹೆಚ್ಚಿರುವವರ ನಡೆ ಬೇರೆಯಾಗಿದ್ದರೆ, ಆ ವ್ಯತ್ಯಾಸ ತಂದವರು ಹೆಣ್ಣುಮಕ್ಕಳೇ ಎಂದು ಧೈರ್ಯವಾಗಿ ಹೇಳಬಹುದು.

ಈ ಜಾಡು ಹಿಡಿದವರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞೆ ಎಬೊನ್ಯಾ ವಾಷಿಂಗ್ಟನ್ ಪ್ರಮುಖರು. ಅಲ್ಲಿನ ಸಂಸತ್ತಿನ ಕೆಳಮನೆಯ ಸದಸ್ಯರು ಹಾಕಿದ ಮತಗಳನ್ನು ಅವರ ಮಕ್ಕಳ ವಿವರದೊಂದಿಗೆ ಹೋಲಿಸಿ 2008ರಲ್ಲಿ ಪ್ರಬಂಧ ಪ್ರಕಟಿಸಿದರು. ಹೆಣ್ಣುಮಕ್ಕಳು ಹೆಚ್ಚಿದ್ದಷ್ಟೂ ಸದಸ್ಯರು ಮಹಿಳೆಯರ ಹಕ್ಕುಗಳ ಪರ, ಅದರಲ್ಲೂ ಗರ್ಭಧಾರಣೆಯ ಕುರಿತ ಸ್ವಾತಂತ್ರ್ಯದ ಪರ, ಹೆಚ್ಚು ಮತ ಹಾಕಿದ್ದರು. ಆದರೆ ಬೇರೆ ಅವಧಿಗಳ ಸಂಸತ್ತನ್ನು ಹೀಗೆಯೇ ಪರಿಶೀಲಿಸಿದ ಮತ್ತೊಂದು ತಂಡಕ್ಕೆ 2019ರಲ್ಲಿ ಅದೇ ಫಲ ಕಾಣಲಿಲ್ಲ. ಪಕ್ಷದ ಬಿಗಿ ಹಿಡಿತದಲ್ಲಿರುವ ಜನಪ್ರತಿನಿಧಿ, ಮನೆಯಲ್ಲಿ ಕಲಿತದ್ದನ್ನೆಲ್ಲ ಸದನದಲ್ಲಿ ತೋರಿಸುವುದು ಸುಲಭವಲ್ಲ.

ಆ ದೃಷ್ಟಿಯಿಂದ ನ್ಯಾಯಾಧೀಶರ ಅಧ್ಯಯನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಆಡಮ್ ಗ್ಲಿನ್ ಮತ್ತು ಮಾಯಾ ಸೇನ್ ಅಮೆರಿಕದ ಮೇಲ್ಮನವಿ ನ್ಯಾಯಾಲಯಗಳ 224 ನ್ಯಾಯಾಧೀಶರನ್ನು ಆರಿಸಿಕೊಂಡು, ಲಿಂಗ ಸಂಬಂಧಿ ಪ್ರಕರಣಗಳಲ್ಲಿ ಅವರು ತಳೆದ ನಿಲುವುಗಳನ್ನು ಲೆಕ್ಕ ಹಾಕಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಬ್ಬಳಾದರೂ ಮಗಳಿರುವವರು ಮಹಿಳೆಯರ ಪರ ನಿಲ್ಲುವ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚು. ಒಬ್ಬನೇ ಮಗನಿರುವವರ ಪಕ್ಕ ಒಬ್ಬಳೇ ಮಗಳಿರುವವರನ್ನು ಇಟ್ಟಾಗ ಅಂತರ ಶೇ. 16ಕ್ಕೆ ಏರಿತು. ಈ ಬದಲಾವಣೆ ಎದ್ದು ಕಂಡದ್ದು ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದ ಪುರುಷ ನ್ಯಾಯಾಧೀಶರಲ್ಲಿ, ಅಂದರೆ ಯಾರಲ್ಲಿ ಬದಲಾವಣೆಗೆ ಹೆಚ್ಚು ಜಾಗವಿತ್ತೋ ಅವರಲ್ಲಿ.

ಇದಕ್ಕೆ ಕಾರಣ ಮಗಳನ್ನು ಕಾಪಾಡಬೇಕೆಂಬ ಹಂಬಲವೇ? ಹಾಗಿದ್ದರೆ ಅಪರಾಧ ಪ್ರಕರಣಗಳಲ್ಲಿ ಪರಿಣಾಮ ಕಾಣಬೇಕಿತ್ತು. ಅದು ಕಂಡದ್ದು ಉದ್ಯೋಗದಲ್ಲಿನ ತಾರತಮ್ಯದಂಥ ಸಿವಿಲ್ ವಿಷಯಗಳಲ್ಲಿ. ಆದ್ದರಿಂದ ಸಂಶೋಧಕರು ಒಲಿದದ್ದು ಕಲಿಕೆ ಎಂಬ ವಿವರಣೆಗೆ. ಹೆಣ್ಣಾಗಿ ಬದುಕುವುದರಲ್ಲಿ ಏನೇನು ಎಡವುಗಲ್ಲುಗಳಿವೆ ಎಂಬುದನ್ನು ಮಗಳು ಬೆಳೆಯುತ್ತಿದ್ದಂತೆ ಅಪ್ಪ ಹತ್ತಿರದಿಂದ ನೋಡುತ್ತಾನೆ.

ಬ್ರಿಟನ್ನಿನ ಅಧ್ಯಯನವೊಂದು ಈ ಕಲಿಕೆಯ ವಯಸ್ಸನ್ನೂ ತೋರಿಸಿಕೊಟ್ಟಿದೆ. ಅಲ್ಲಿನ ಕುಟುಂಬಗಳನ್ನು 1991ರಿಂದ 2012ರವರೆಗೆ ಮತ್ತೆ ಮತ್ತೆ ಪ್ರಶ್ನಿಸಿದ ಮಾಹಿತಿಯಿಂದ, ದುಡಿಯುವುದು ಗಂಡಿಗೆ, ಮನೆ ಹೆಣ್ಣಿಗೆ ಎಂಬ ನಂಬಿಕೆ ಹೇಗೆ ಸಡಿಲವಾಗುತ್ತದೆ ಎಂದು ಅಳೆಯಲಾಯಿತು. ಮಗಳು ಪ್ರಾಥಮಿಕ ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಪ್ಪ ಈ ನಂಬಿಕೆ ಇಟ್ಟುಕೊಂಡಿರುವ ಸಾಧ್ಯತೆ ಸುಮಾರು ಶೇ. 8ರಷ್ಟು, ಪ್ರೌಢಶಾಲೆಯ ಹೊತ್ತಿಗೆ ಶೇ. 11ರಷ್ಟು ಕಡಿಮೆಯಾಗಿತ್ತು. ಅಮ್ಮಂದಿರಲ್ಲಿ ಇಂಥ ಬದಲಾವಣೆ ಅಷ್ಟಾಗಿ ಕಾಣಲಿಲ್ಲ. ಅದು ಸಹಜ, ಅವರು ಆ ಪಾಠವನ್ನು ತಮ್ಮ ಬಾಲ್ಯದಲ್ಲೇ ಉಂಡವರು.

ಬದಲಾವಣೆ ಅಭಿಪ್ರಾಯಗಳಿಗಷ್ಟೇ ಸೀಮಿತವೂ ಅಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಎಳೆಯ ಮಕ್ಕಳಿರುವ 52 ಅಪ್ಪಂದಿರ ಸೊಂಟಕ್ಕೆ ಪುಟ್ಟ ಧ್ವನಿಮುದ್ರಕ ಕಟ್ಟಿ, ಮನೆಯ ಮಾತುಕತೆಯ ತುಣುಕುಗಳನ್ನು ದಾಖಲಿಸಿದರು. ಹೆಣ್ಣುಮಗುವಿನ ಅಪ್ಪಂದಿರು ಮಗುವಿನ ಕರೆಗೆ ಹೆಚ್ಚು ಓಗೊಟ್ಟರು, ಹೆಚ್ಚು ಹಾಡಿದರು, ಅಳು ಮತ್ತು ಒಂಟಿತನಕ್ಕೆ ಸಂಬಂಧಿಸಿದ ಪದಗಳನ್ನು ಹೆಚ್ಚು ಬಳಸಿದರು. ಗಂಡುಮಗುವಿನ ಅಪ್ಪಂದಿರಲ್ಲಿ ಕುಸ್ತಿಯಾಟ, ಗೆಲುವಿನ ಮಾತು ಜಾಸ್ತಿ. ಮಗಳೊಂದಿಗೆ ದುಃಖದ ಮಾತಾಡಲು ಬರುವ ಅಪ್ಪನಿಗೆ ಮಗನೊಂದಿಗೂ ಅದು ಬರಬೇಕಲ್ಲವೇ? ಗಂಡುಮಕ್ಕಳಿಗೆ ಆಗುತ್ತಿರುವ ಈ ನಷ್ಟವನ್ನು ನಾವು ಗಮನಿಸುವುದೇ ಇಲ್ಲ.

ಇದೇ ಲೆಕ್ಕವನ್ನು ಭಾರತದಲ್ಲಿ ಹಾಕಲು ಹೋದರೆ ತೊಡಕು ಎದುರಾಗುತ್ತದೆ. ಇಲ್ಲಿ ಆಕಸ್ಮಿಕವನ್ನು ಆಕಸ್ಮಿಕವಾಗಿರಲು ನಾವು ಬಿಟ್ಟಿಲ್ಲ. ಪ್ರಭಾತ್ ಝಾ ಮತ್ತು ಸಂಗಡಿಗರ ವಿಶ್ಲೇಷಣೆಯಂತೆ, ಮೊದಲ ಮಗು ಹೆಣ್ಣಾಗಿದ್ದ ಮನೆಗಳಲ್ಲಿ ಎರಡನೆಯ ಹೆರಿಗೆಯ ಲಿಂಗಾನುಪಾತ 1990ರಲ್ಲಿ 1000 ಗಂಡಿಗೆ 906 ಹೆಣ್ಣು ಇದ್ದದ್ದು 2005ಕ್ಕೆ 836ಕ್ಕೆ ಕುಸಿಯಿತು. ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ಬಂದದ್ದು 1994ರಲ್ಲಿ! ಕರ್ನಾಟಕದಲ್ಲಿ ಆರು ವರ್ಷದೊಳಗಿನ ಮಕ್ಕಳ ಅನುಪಾತ 2011ರ ಜನಗಣತಿಯಲ್ಲಿ 948. ಜೊತೆಗೆ, ಗಂಡು ಹುಟ್ಟುವವರೆಗೂ ಹೆರುತ್ತ ಹೋಗುವ ಮನೆಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ತಾನಾಗಿ ಹೆಚ್ಚುತ್ತದೆ. ಮುಂದಿನ ಬಸಿರಿನ ಆತುರದಲ್ಲಿ ಹೆಣ್ಣುಮಗುವಿಗೆ ಎದೆಹಾಲು ಬೇಗ ನಿಲ್ಲುತ್ತದೆ ಎಂದು ಸೀಮಾ ಜಯಚಂದ್ರನ್ ಮತ್ತು ಇಲ್ಯಾನಾ ಕುಜಿಯೆಮ್ಕೊ 2011ರಲ್ಲಿ ತೋರಿಸಿದ್ದಾರೆ. ಮೂರು ಹೆಣ್ಣುಮಕ್ಕಳಿದ್ದೂ ಏನನ್ನೂ ಕಲಿಯದ ಅಪ್ಪಂದಿರು ಇಲ್ಲಿ ಇರಲು ಸಾಧ್ಯ. ಮಗಳು ಹುಟ್ಟಿದರೆ ಸಾಲದು, ಅವಳು ಅಪ್ಪನ ಗಮನಕ್ಕೆ ಬೀಳಬೇಕು.

ಆ ಗಮನಕ್ಕೆ ದುಡ್ಡು ಬೇಕಿಲ್ಲ, ಡಿಗ್ರಿಯೂ ಬೇಕಿಲ್ಲ. ಮಗಳ ಶಾಲೆಯ ಶೌಚಾಲಯ ಹೇಗಿದೆ, ಬಸ್ಸಿನಲ್ಲಿ ಅವಳಿಗೆ ಏನಾಯಿತು, ಮುಂದೆ ಏನು ಓದಬೇಕೆಂದಿದ್ದಾಳೆ ಎಂದು ಅವಳ ಅಮ್ಮನನ್ನು ಕೇಳಬೇಡಿ, ಅವಳನ್ನೇ ಕೇಳಿ. ಪ್ರೌಢಶಾಲೆಯ ವಯಸ್ಸಿನಲ್ಲಂತೂ ತಪ್ಪದೆ ಕೇಳಿ.