ಫ್ಲೋರೈಟ್: ಹರಳಿನ ಚೆಲುವು, ನೆಲದ ಗುರುತು

ದಾವಣಗೆರೆ ಜಿಲ್ಲೆಯ ಜಗಳೂರು ಸೀಮೆಯಲ್ಲಿ ಫ್ಲೋರೈಡ್ ಎಂಬುದು ಕೊಳವೆಬಾವಿಯ ನೀರಿನೊಡನೆ ಮನೆಮನೆಗೆ ಬಂದ ಮಾತು. ಮಕ್ಕಳ ಹಲ್ಲಿನ ಕಂದು ಕಲೆಯಾಗಿ, ಹಿರಿಯರ ಕೀಲುಗಳ ಬಿಗಿತವಾಗಿ ಜನ ಅದನ್ನು ಬಲ್ಲರು. ಈ ತೊಂದರೆಗೆ ಕಾರಣವಾದ ಫ್ಲೋರಿನ್ ಎಂಬ ಮೂಲಧಾತುವೇ ಭೂಮಿಯೊಳಗೆ ಕ್ಯಾಲ್ಸಿಯಂನೊಡನೆ ಕೂಡಿ ಹರಳುಗಟ್ಟಿದಾಗ ಫ್ಲೋರೈಟ್ ಎಂಬ ಖನಿಜವಾಗುತ್ತದೆ. ನೇರಳೆ, ಹಸಿರು, ಹಳದಿ, ನೀಲಿ, ನಸುಗೆಂಪು ಬಣ್ಣಗಳಲ್ಲಿ ದೊರೆಯುವ ಅದರ ಹರಳುಗಳನ್ನು ಜಗತ್ತಿನ ಖನಿಜ ಸಂಗ್ರಾಹಕರು ಬಹಳ ಆಸ್ಥೆಯಿಂದ ಅರಸುತ್ತಾರೆ. ಹರಳಿನ ಜೊತೆಗೆ ಅದು ಹುಟ್ಟಿದ ನೆಲದ ವಿವರವೂ ಉಳಿದರೆ ಮಾತ್ರ ಅದಕ್ಕೆ ಪೂರ್ಣ ಬೆಲೆ ಎಂಬುದು ಅವರ ನಡುವಿನ ಮೂಲ ನಿಯಮ. ಇದೇ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕಲ್ಲು ಮತ್ತು ನೀರನ್ನು ಅರಿಯಬಯಸುವವರಿಗೂ ಈ ನಿಯಮ ದಾರಿ ತೋರಬಲ್ಲದು.

ಹರಳಿನ ಸ್ವಭಾವ

ಫ್ಲೋರೈಟ್‌ನಲ್ಲಿ ಪ್ರತಿ ಕ್ಯಾಲ್ಸಿಯಂ ಪರಮಾಣುವಿಗೆ ಎರಡು ಫ್ಲೋರಿನ್ ಪರಮಾಣುಗಳಿರುತ್ತವೆ. ಇವುಗಳ ಜೋಡಣೆ ಪರಸ್ಪರ ಲಂಬವಾದ ಮೂರು ದಿಕ್ಕುಗಳಲ್ಲಿಯೂ ಸಮನಾಗಿರುವುದರಿಂದ ಹರಳು ಸಾಮಾನ್ಯವಾಗಿ ಆರು ಚೌಕ ಮುಖಗಳ ಘನಾಕೃತಿಯಲ್ಲಿ, ಕೆಲವೆಡೆ ಎಂಟು ತ್ರಿಕೋನ ಮುಖಗಳ ಅಷ್ಟಮುಖಿಯಾಗಿ ಬೆಳೆಯುತ್ತದೆ. ಒಂದು ಘನದೊಳಗಿನಿಂದ ಇನ್ನೊಂದು ಘನದ ಮೂಲೆಗಳು ಹೊರಚಾಚಿದ ಅವಳಿ ಹರಳುಗಳೂ ಅಪರೂಪವಲ್ಲ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 4ನೆಯ ಸ್ಥಾನಕ್ಕೆ ಫ್ಲೋರೈಟ್ ಅನ್ನೇ ಮಾದರಿಯಾಗಿ ಇರಿಸಲಾಗಿದೆ, ಎಂದರೆ ಬೆಣಚುಕಲ್ಲು ಅದನ್ನು ಸುಲಭವಾಗಿ ಗೀರಬಲ್ಲದು. ಪೆಟ್ಟು ಬಿದ್ದರೆ ಅದು ನಾಲ್ಕು ದಿಕ್ಕುಗಳಲ್ಲಿ ನುಣುಪಾಗಿ ಸೀಳುತ್ತದೆ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಪುಟ್ಟ ಅಷ್ಟಮುಖಿಗಳಲ್ಲಿ ಹೆಚ್ಚಿನವು ಹೀಗೆ ಸೀಳಿ ರೂಪಿಸಿದ ತುಣುಕುಗಳೇ ಹೊರತು ನೆಲದೊಳಗೆ ಆ ಆಕಾರದಲ್ಲಿ ಬೆಳೆದ ಹರಳುಗಳಲ್ಲ.

ಶುದ್ಧ ಫ್ಲೋರೈಟ್‌ಗೆ ಬಣ್ಣವಿಲ್ಲ. ಇಟ್ರಿಯಂ, ಸಮೇರಿಯಂ, ಯುರೋಪಿಯಂ ಮೊದಲಾದ ವಿರಳ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಾಗ, ಅಥವಾ ಸುತ್ತಲಿನ ಬಂಡೆಯ ಸಹಜ ವಿಕಿರಣದಿಂದ ಪರಮಾಣುಗಳ ಜೋಡಣೆಯಲ್ಲಿ ಸಣ್ಣ ದೋಷಗಳು ಉಂಟಾದಾಗ, ಅದು ಬೆಳಕಿನ ಕೆಲವು ಬಣ್ಣಗಳನ್ನು ಹೀರಿಕೊಂಡು ಉಳಿದವನ್ನು ಹೊರಬಿಡುತ್ತದೆ. ಹರಳು ಬೆಳೆಯುತ್ತಿದ್ದಾಗ ಅದರ ಸುತ್ತಲಿನ, ಖನಿಜ ಕರಗಿರುವ ಬಿಸಿ ದ್ರವದ ಸಂಯೋಜನೆ ಬದಲಾದರೆ ಒಳಗೆ ಪದರ ಪದರವಾಗಿ ಬಣ್ಣಗಳು ಮೂಡುತ್ತವೆ. ಇಂಥ ಕೆಲವು ಹರಳುಗಳ ಮೇಲೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಬಿದ್ದಾಗ ಅವು ನೀಲಿಯಾಗಿ ಹೊಳೆಯುವುದನ್ನು ವಿವರಿಸಿದ ವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, 1852ರಲ್ಲಿ ಈ ವಿದ್ಯಮಾನಕ್ಕೆ ಫ್ಲೋರೈಟ್‌ನ ಹೆಸರಿನಿಂದಲೇ ಫ್ಲೋರೆಸೆನ್ಸ್ ಎಂಬ ಪದವನ್ನು ಕೊಟ್ಟನು.

ಈ ಖನಿಜದ ಹಳೆಯ ಬಳಕೆಗಳಲ್ಲಿ ಒಂದು ಕುಲುಮೆಯ ಕೆಲಸ. ಅದಿರಿನೊಡನೆ ಬೆರೆಸಿದರೆ ಕಸರು ಬೇಗ ಕರಗಿ ಹರಿಯುತ್ತದೆ ಎಂಬುದನ್ನು 16ನೆಯ ಶತಮಾನದಲ್ಲಿ ಜರ್ಮನಿಯ ಗಣಿ ತಜ್ಞ ಜಾರ್ಜಿಯಸ್ ಅಗ್ರಿಕೋಲಾ ದಾಖಲಿಸಿದನು. ಉಕ್ಕಿನ ತಯಾರಿಕೆಯಲ್ಲಿ ಆ ಬಳಕೆ ಇಂದಿಗೂ ಇದೆ. ಫ್ರಾನ್ಸಿನ ಹೆನ್ರಿ ಮೊಯ್ಸಾನ್ 1886ರಲ್ಲಿ ಫ್ಲೋರಿನ್ ಅನಿಲವನ್ನು ಮೊದಲ ಬಾರಿಗೆ ಪ್ರತ್ಯೇಕಿಸಿ, 1906ರಲ್ಲಿ ನೊಬೆಲ್ ಪ್ರಶಸ್ತಿ ಪಡೆದನು. ಫ್ಲೋರೈಟ್‌ಗೆ ಬೆಳಕಿನ ಬಣ್ಣಗಳನ್ನು ಬಹಳ ಕಡಿಮೆ ಚದುರಿಸುವ ಗುಣವಿರುವುದರಿಂದ, ಫ್ಲೋರಿನ್ ಪ್ರತ್ಯೇಕಗೊಂಡ ಕಾಲದಲ್ಲಿಯೇ ಜರ್ಮನಿಯ ಅರ್ನ್ಸ್ಟ್ ಅಬ್ಬೆ ಸೂಕ್ಷ್ಮದರ್ಶಕದ ಮಸೂರಗಳಲ್ಲಿ ಸಹಜ ಫ್ಲೋರೈಟ್ ಅನ್ನು ಬಳಸಿದನು.

ಹೆಸರಾಂತ ನೆಲೆಗಳು

ಒಳ್ಳೆಯ ಹರಳು ಬೆಳೆಯಲು ಖನಿಜ ಕರಗಿರುವ ಬಿಸಿ ದ್ರವ, ನಿಧಾನವಾಗಿ ಇಳಿಯುವ ಉಷ್ಣತೆ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ತೆರೆದ ಜಾಗ ಬೇಕು. ಬಂಡೆಯ ಬಿರುಕು ಅಥವಾ ಪೊಟರೆಯಲ್ಲಿ ಮಾತ್ರ ಹರಳಿನ ಮುಖಗಳು ಅಡೆತಡೆಯಿಲ್ಲದೆ ಮೂಡುತ್ತವೆ. ಇಂಥ ಅನುಕೂಲ ಒದಗಿದ ನೆಲೆಗಳು ಹಲವು ದೇಶಗಳಲ್ಲಿದ್ದು, ಪ್ರತಿಯೊಂದರ ಹರಳಿಗೂ ತನ್ನದೇ ಮುಖಚರ್ಯೆಯಿದೆ. ಇಂಗ್ಲೆಂಡಿನ ವೇರ್‌ಡೇಲ್ ಕಣಿವೆಯ ರೋಜರ್ಲಿ ಗಣಿಯ ಹಸಿರು ಅವಳಿ ಹರಳುಗಳು ಬಿಸಿಲಿಗೆ ಹಿಡಿದೊಡನೆ ನೀಲಿಗೆ ತಿರುಗುತ್ತವೆ. ಅದೇ ದೇಶದ ಡರ್ಬಿಶೈರ್‌ನ ಕ್ಯಾಸಲ್‌ಟನ್‌ನಲ್ಲಿ ನೇರಳೆ ಮತ್ತು ಹಳದಿ ಪಟ್ಟೆಗಳ ‘ಬ್ಲೂ ಜಾನ್’ ಎಂಬ ಬಗೆ ಸಿಗುತ್ತದೆ. ಫ್ರಾನ್ಸಿನ ಮೌಂಟ್ ಬ್ಲಾಂಕ್ ಪರ್ವತದ ಎತ್ತರದ ಬಿರುಕುಗಳಿಂದ ನಸುಗೆಂಪು ಅಷ್ಟಮುಖಿಗಳನ್ನು ಹಗ್ಗ ಕಟ್ಟಿಕೊಂಡು ಇಳಿದು ತೆಗೆಯುವ ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ಅಮೆರಿಕದ ಇಲಿನಾಯ್ ರಾಜ್ಯದ ಕೇವ್‌–ಇನ್–ರಾಕ್ ಪ್ರದೇಶ ನೇರಳೆ ಮತ್ತು ಹಳದಿಯ ದೊಡ್ಡ ಘನಗಳಿಗೆ ಹೆಸರಾಗಿತ್ತು. 1990ರ ದಶಕದ ಮಧ್ಯದಲ್ಲಿ ಅಲ್ಲಿನ ಗಣಿಗಳು ಮುಚ್ಚಿದ್ದರಿಂದ ಅಲ್ಲಿಂದ ಹಿಂದೆ ಹೊರಬಂದ ಹರಳುಗಳೇ ಈಗ ಕೈಯಿಂದ ಕೈಗೆ ಸಾಗುತ್ತಿವೆ. ರಷ್ಯಾದ ದಾಲ್ನೆಗೊರ್ಸ್ಕ್‌ನಲ್ಲಿ ಗಾಜಿನಷ್ಟು ತಿಳಿಯಾದ, ಬಣ್ಣವಿಲ್ಲದ ಹರಳುಗಳು ದೊರೆತರೆ, ಸ್ಪೇನಿನ ಅಸ್ತೂರಿಯಾಸ್, ಚೀನಾದ ಹುನಾನ್, ಪೆರುವಿನ ಹುವಾನ್‌ಸಲಾ, ಪಾಕಿಸ್ತಾನದ ನಗರ್ ಕಣಿವೆಗಳು ತಮ್ಮ ತಮ್ಮ ಬಣ್ಣ ಮತ್ತು ಆಕಾರಗಳಿಂದ ಗುರುತಾಗಿವೆ.

ಭಾರತದಲ್ಲಿ ಫ್ಲೋರೈಟ್‌ನ ಹೆಸರಾಂತ ನಿಕ್ಷೇಪ ಗುಜರಾತಿನ ಅಂಬಾಡುಂಗರ್‌ನಲ್ಲಿದೆ. ಛತ್ತೀಸ್‌ಗಢದ ಚಾಂದಿಡೋಂಗ್ರಿ ಮತ್ತು ರಾಜಸ್ಥಾನದ ಡುಂಗರ್‌ಪುರದ ನಿಕ್ಷೇಪಗಳೂ ತಿಳಿದಿವೆ. ಆದರೆ ಉದ್ಯಮಕ್ಕೆ ಒದಗುವ ಅದಿರಿಗೂ ಸಂಗ್ರಹಕ್ಕೆ ಒಪ್ಪುವ ಹರಳಿಗೂ ಅಂತರವಿದೆ. ಭಾರತದ ಫ್ಲೋರೈಟ್ ಸಂಗ್ರಾಹಕರ ಗಮನ ಸೆಳೆದದ್ದು ನಾಸಿಕ್ ಜಿಲ್ಲೆಯ ಸಿನ್ನರ್ ಬಳಿಯ ಮಹೋದರಿ ಎಂಬ ಜಲ್ಲಿಕಲ್ಲು ಕ್ವಾರಿಯಿಂದ. ಅಲ್ಲಿ ಬೆಣಚಿನ ಹರಳುಗಳ ಮೇಲೆ ಜೇನುಬಣ್ಣದ ದುಂಡನೆಯ ಫ್ಲೋರೈಟ್ ಗುಂಡುಗಳು ದೊರೆತವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾ ತಣಿಯುವಾಗ ಅನಿಲದ ಗುಳ್ಳೆಗಳಿಂದ ಉಳಿದ ಪೊಟರೆಗಳೇ ಆ ಸೀಮೆಯ ಹರಳುಗಳಿಗೆ ತೊಟ್ಟಿಲಾದವು. ಅಲ್ಲಿ ಅಪೋಫಿಲೈಟ್, ಸ್ಟಿಲ್‌ಬೈಟ್ ಮೊದಲಾದ ಖನಿಜಗಳು ಹೇರಳವಾಗಿದ್ದು ಫ್ಲೋರೈಟ್ ವಿರಳವಾದುದರಿಂದ ಮಹೋದರಿಯ ಹರಳಿಗೆ ವಿಶೇಷ ಮನ್ನಣೆಯಿದೆ.

ಸಂಗ್ರಹದ ಕ್ರಮ

ಹರಳನ್ನು ಆರಿಸುವಾಗ ಬಣ್ಣದ ಜೊತೆಗೆ ಮುಖಗಳ ಹೊಳಪು, ಒಳಗಿನ ತಿಳಿತನ, ಮೂಲೆಗಳು ಮುರಿಯದೆ ಉಳಿದಿರುವ ಬಗೆ, ಹರಳು ಅಂಟಿಕೊಂಡಿರುವ ಮೂಲ ಬಂಡೆಯ ತುಂಡು ಮತ್ತು ಒಡನೆ ಬೆಳೆದ ಇತರ ಖನಿಜಗಳು ಲೆಕ್ಕಕ್ಕೆ ಬರುತ್ತವೆ. ಸುಮಾರು ಒಂದು ಅಂಗುಲದೊಳಗಿನ ಮಾದರಿಗಳಿಂದ ಹಿಡಿದು ಕಪಾಟಿನಲ್ಲಿ ಇಡುವ ದೊಡ್ಡ ಮಾದರಿಗಳವರೆಗೆ ಗಾತ್ರದ ವರ್ಗಗಳಿವೆ. ಸ್ಥಳ ಮತ್ತು ಹಣ ಕಡಿಮೆ ಇರುವವರು ಸಣ್ಣ ಗಾತ್ರದಲ್ಲಿಯೇ ಉತ್ತಮ ಸಂಗ್ರಹವನ್ನು ಕಟ್ಟಬಹುದು. ಮುರಿದುದನ್ನು ಅಂಟಿಸಿರುವುದು, ಬಿರುಕು ಕಾಣದಂತೆ ಎಣ್ಣೆ ಸವರಿರುವುದು, ಬಣ್ಣದ ಲೇಪ ಕೊಟ್ಟಿರುವುದು ಇವನ್ನು ಭೂತಗನ್ನಡಿಯಲ್ಲಿ ನೋಡಿ ಪರೀಕ್ಷಿಸಬೇಕು. ಫ್ಲೋರೈಟ್ ಹಠಾತ್ ಉಷ್ಣತೆಯ ಬದಲಾವಣೆಯನ್ನು ತಾಳಲಾರದು. ಆದುದರಿಂದ ಕೋಣೆಯ ಉಷ್ಣತೆಯ ನೀರು ಮತ್ತು ಮೆತ್ತನೆಯ ಕುಂಚದಿಂದ ಮಾತ್ರ ತೊಳೆಯಬೇಕು, ಕೆಲವು ಹರಳುಗಳ ಬಣ್ಣ ಬಿಸಿಲಿಗೆ ಮಾಸುವುದರಿಂದ ನೆರಳಿನಲ್ಲಿಡಬೇಕು. ಗಂಧಕಾಮ್ಲ ಸೋಕಿದರೆ ಅದರಿಂದ ಅತ್ಯಂತ ವಿಷಕಾರಿಯಾದ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುವುದರಿಂದ ಆಮ್ಲದಿಂದ ತೊಳೆಯುವ ಪ್ರಯತ್ನವನ್ನು ಮನೆಯಲ್ಲಿ ಎಂದೂ ಮಾಡಬಾರದು.

ಇವೆಲ್ಲಕ್ಕಿಂತ ಮಿಗಿಲಾದದ್ದು ಹರಳಿನೊಡನೆ ಇರುವ ಚೀಟಿ. ಖನಿಜದ ಹೆಸರು, ಗಣಿ ಅಥವಾ ಕ್ವಾರಿ, ಊರು, ಜಿಲ್ಲೆ, ದೇಶ, ದೊರೆತ ವರ್ಷ, ಹಿಂದಿನ ಒಡೆಯರ ವಿವರ ಇಷ್ಟು ಅದರಲ್ಲಿರಬೇಕು. ಗಣಿ ಮುಚ್ಚಿಹೋದ ಮೇಲೆ ಆ ನೆಲದೊಳಗೆ ಏನಿತ್ತು ಎಂಬುದಕ್ಕೆ ಹರಳು ಮತ್ತು ಚೀಟಿ ಒಟ್ಟಾಗಿ ಸಾಕ್ಷಿಯಾಗುತ್ತವೆ. ಚೀಟಿ ಕಳೆದುಹೋದರೆ ಉಳಿಯುವುದು ಬಣ್ಣದ ಕಲ್ಲು ಮಾತ್ರ. ಅದು ಹೇಳಬಹುದಾಗಿದ್ದ ಭೂಮಿಯ ಕಥೆ ಅಳಿಸಿಹೋಗುತ್ತದೆ.

ನಾಲ್ಕು ತಾಲ್ಲೂಕುಗಳ ನೆಲ

1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ಈ ನಾಲ್ಕು ತಾಲ್ಲೂಕುಗಳು ಫ್ಲೋರೈಟ್ ಹರಳಿನ ನೆಲೆಗಳಲ್ಲ, ಅದಕ್ಕೆ ಕಾರಣ ಅಲ್ಲಿನ ಬಂಡೆಗಳ ಇತಿಹಾಸದಲ್ಲಿಯೇ ಇದೆ. ಇಲ್ಲಿನ ನೆಲ ದಖ್ಖನ್ ಲಾವಾಕ್ಕಿಂತ ಹತ್ತಾರು ಪಟ್ಟು ಹಳೆಯದು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ನೈಸ್, ಗ್ರಾನೈಟ್ ಮತ್ತು ಧಾರವಾಡ ಶಿಲಾವರ್ಗದ ಪದರಗಲ್ಲುಗಳು ಆಳದಲ್ಲಿ ಒತ್ತಡಕ್ಕೆ ಸಿಕ್ಕು ಮಡಿಕೆಗೊಂಡುದರಿಂದ, ಹರಳು ಬಿಡುವಾಗಿ ಬೆಳೆಯಲು ಬೇಕಾದ ಪೊಟರೆಗಳು ವಿರಳ. ಆದರೂ ಈ ನೆಲಕ್ಕೆ ತನ್ನದೇ ಸಂಪತ್ತಿದೆ. ಹೊನ್ನಾಳಿ–ನ್ಯಾಮತಿ ಸೀಮೆಯ ಬೆಣಚಿನ ಎಳೆಗಳಲ್ಲಿ ಚಿನ್ನವಿದ್ದು, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅದನ್ನು ಪರಿಶೀಲಿಸಿದ್ದರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಚನ್ನಗಿರಿ ತಾಲ್ಲೂಕಿನ ಜೋಳದಾಳ್ ಹೆಸರನ್ನು ಭೂವಿಜ್ಞಾನಿಗಳು ಸುಣ್ಣಕಲ್ಲು, ಕಬ್ಬಿಣ ಮತ್ತು ಮ್ಯಾಂಗನೀಸ್ ಒಳಗೊಂಡ ಒಂದು ಶಿಲಾಸ್ತೋಮಕ್ಕೆ ಇಟ್ಟಿದ್ದಾರೆ.

ಫ್ಲೋರಿನ್ ಈ ನೆಲದಲ್ಲಿಯೂ ಇದೆ, ಆದರೆ ಕಣ್ಣಿಗೆ ಕಾಣುವ ಹರಳಾಗಿ ಅಲ್ಲ. ಗ್ರಾನೈಟ್ ಮತ್ತು ನೈಸ್‌ಗಳಲ್ಲಿನ ಕಪ್ಪು ಅಭ್ರಕ, ಅಪಟೈಟ್ ಮೊದಲಾದ ಖನಿಜಗಳ ಸೂಕ್ಷ್ಮ ಕಣಗಳಲ್ಲಿ ಅದು ಅಡಗಿದ್ದು, ಬಂಡೆ ಶಿಥಿಲವಾದಂತೆ ಅಂತರ್ಜಲಕ್ಕೆ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದರೊಡನೆ ಕೂಡಿ ಫ್ಲೋರೈಟ್ ಆಗಿ ಬೇರ್ಪಡುತ್ತದೆ, ಆದುದರಿಂದ ನೀರಿನಲ್ಲಿ ಅದರ ಪ್ರಮಾಣ ಒಂದು ಮಿತಿಯನ್ನು ಮೀರುವುದಿಲ್ಲ. ಮಳೆ ಕಡಿಮೆಯಾದ ಜಗಳೂರಿನಂಥ ಸೀಮೆಯಲ್ಲಿ ಕ್ಯಾಲ್ಸಿಯಂ ಮೊದಲೇ ಸುಣ್ಣದ ಗಂಟುಗಳಾಗಿ ಮಣ್ಣಿನಲ್ಲಿ ಉಳಿದುಬಿಡುವುದರಿಂದ ಈ ತಡೆ ಸಡಿಲಗೊಂಡು ಫ್ಲೋರೈಡ್ ನೀರಿನಲ್ಲಿಯೇ ಉಳಿಯುತ್ತದೆ. ಕೊಳವೆಬಾವಿ ಆಳವಾದಷ್ಟೂ ನೀರು ಬಂಡೆಯೊಡನೆ ದೀರ್ಘಕಾಲ ಬೆರೆತಿರುವುದರಿಂದ ಸಮಸ್ಯೆ ಹೆಚ್ಚುತ್ತದೆ. ಹರಳನ್ನು ಕಟ್ಟುವ ರಾಸಾಯನಿಕ ನಿಯಮವೇ ಕುಡಿಯುವ ನೀರಿನ ಗುಣವನ್ನೂ ನಿರ್ಧರಿಸುತ್ತದೆ ಎಂಬ ಈ ಸಂಬಂಧ ಸಾಮಾನ್ಯ ಓದುಗನೂ ತಿಳಿಯಬೇಕಾದದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ತುಂಗಭದ್ರೆಯ ನೀರಿನಿಂದ ಜಗಳೂರಿನ ಕೆರೆಗಳನ್ನು ತುಂಬಿಸುವ ಯೋಜನೆಗೆ ಈ ದೃಷ್ಟಿಯಿಂದಲೂ ಮಹತ್ವವಿದೆ, ಏಕೆಂದರೆ ಆಳದ ಬಂಡೆಯ ನೀರಿನ ಮೇಲಿನ ಅವಲಂಬನೆಯನ್ನು ಮೇಲ್ಮೈ ನೀರು ತಗ್ಗಿಸಬಲ್ಲದು.

ಸಂಗ್ರಾಹಕರ ಚೀಟಿಯ ಶಿಸ್ತನ್ನು ಈ ನಾಲ್ಕು ತಾಲ್ಲೂಕುಗಳ ಶಾಲೆ ಕಾಲೇಜುಗಳು ಸುಲಭವಾಗಿ ಅಳವಡಿಸಿಕೊಳ್ಳಬಹುದು. ಹೊಲದಲ್ಲಿ ದೊರೆತ ಬೆಣಚು, ಮ್ಯಾಂಗನೀಸ್ ಕಲ್ಲು, ಸುಣ್ಣದ ಗಂಟು, ಹೊಸ ಕೊಳವೆಬಾವಿ ಕೊರೆದಾಗ ಹೊರಬಂದ ಕಲ್ಲಿನ ಪುಡಿ ಇವುಗಳನ್ನು ಜಮೀನಿನವರ ಒಪ್ಪಿಗೆ ಪಡೆದು ಸಂಗ್ರಹಿಸಿ, ಊರು, ಆಳ, ದಿನಾಂಕಗಳೊಡನೆ ಜೋಡಿಸಿಟ್ಟು, ಪಕ್ಕದಲ್ಲಿ ಆ ಬಾವಿಯ ನೀರಿನ ಫ್ಲೋರೈಡ್ ಪ್ರಮಾಣವನ್ನೂ ಬರೆದಿಟ್ಟರೆ, ಅಂಥ ಕಪಾಟು ವಿದ್ಯಾರ್ಥಿಗಳಿಗೆ ಪಾಠವಾಗುವುದಲ್ಲದೆ, ಯಾವ ಬಂಡೆಯಿರುವ ಕಡೆ ಎಷ್ಟು ಆಳದ ನೀರನ್ನು ಕುಡಿಯಬಾರದು ಎಂದು ತಿಳಿಯಲು ಊರಿಗೂ ನೆರವಾಗುತ್ತದೆ.