ಪ್ರದರ್ಶನ ಕುಸ್ತಿ: ಪ್ರೇಕ್ಷಕರ ವಾದದಲ್ಲಿ ಎರಡು ಅಳತೆಗೋಲುಗಳು

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ದೂರದರ್ಶನವು ಹುಟ್ಟಿಸಿದ ವಾದಗಳು ಹಲವು. ಅವುಗಳಲ್ಲಿ ಇನ್ನೂ ಇತ್ಯರ್ಥವಾಗದೆ ಉಳಿದಿರುವುದು ಕುಸ್ತಿಯ ವಾದ. ಅಮೆರಿಕದ ಡಬ್ಲ್ಯುಡಬ್ಲ್ಯುಇ ಸಂಸ್ಥೆಯ ಕಾಳಗಗಳನ್ನು ಕಿರಿಯರು ಕಣ್ಣು ಮಿಟುಕಿಸದೆ ನೋಡುತ್ತಾರೆ. ಯಾವ ಮಲ್ಲನು ದೊಡ್ಡವನು, ಯಾರ ಮಾತು ಚುರುಕು, ಕಳೆದ ವಾರದ ಕಾಳಗವನ್ನು ಮುಗಿಸಿದ ರೀತಿ ಸರಿಯೆ ಎಂದು ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿಯೂ ಚರ್ಚಿಸುತ್ತಾರೆ. ಹಿರಿಯರು ಇದೆಲ್ಲವನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ: ಗೆಲ್ಲುವವನು ಯಾರೆಂದು ಮೊದಲೇ ಗೊತ್ತುಮಾಡಿಕೊಂಡ ಮೇಲೆ ಅದು ಕುಸ್ತಿಯೇ ಅಲ್ಲ. ಒಳಒಪ್ಪಂದದ ಕಾಳಗಕ್ಕೆ ಹಿಂದಿ ಮರಾಠಿಗಳ ಆಡುಮಾತಿನಲ್ಲಿ 'ನೂರಾ ಕುಸ್ತಿ' ಎಂಬ ಹೆಸರೇ ಉಂಟು. ಎರಡು ಪಕ್ಷಗಳೂ ಒಂದೇ ವಸ್ತುವನ್ನು ಕುರಿತು ಮಾತನಾಡುತ್ತಿರುವಂತೆ ತೋರಿದರೂ, ಒಬ್ಬರು ಹಿಡಿದಿರುವುದು ತಕ್ಕಡಿಯನ್ನು, ಇನ್ನೊಬ್ಬರು ಹಿಡಿದಿರುವುದು ಮೊಳಗೋಲನ್ನು. ಈ ಭೇದವನ್ನು ವಿಶದಪಡಿಸಿಕೊಂಡಲ್ಲದೆ ವಾದವು ಮುಂದಡಿ ಇಡಲಾರದು.

ಹಿರಿಯರ ತಕ್ಕಡಿ ಎಲ್ಲಿಂದ ಬಂದುದೆಂಬುದು ಸ್ಪಷ್ಟ. ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಗಳಿಂದ ಬಂದವರಿಗೆ ಗರಡಿಮನೆಯೂ ಜಾತ್ರೆಯ ಜಂಗೀ ನಿಕಾಲಿ ಕುಸ್ತಿಯೂ ಪರಿಚಿತವಾದವು. 'ನಿಕಾಲಿ' ಎಂದರೆ ತೀರ್ಮಾನವಾಗುವ ತನಕ ನಡೆಯುವ ಕಾಳಗ. ಕೆಂಪು ಮಣ್ಣಿನ ಕಣ, ಹಲಗೆಯ ಸದ್ದು, ಎದುರಾಳಿಯ ಬೆನ್ನು ನೆಲಕ್ಕೆ ತಾಗಿದ ಕ್ಷಣದಲ್ಲಿ ಏಳುವ ಕೂಗು, ಇವುಗಳಲ್ಲಿ ಸಂದಿಗ್ಧಕ್ಕೆ ಎಡೆಯಿಲ್ಲ. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಕಟ್ಟಿಸಿದ ಖಾಸಬಾಗ ಮೈದಾನವು ಕನ್ನಡ ಮರಾಠಿ ಎರಡೂ ಸೀಮೆಗಳ ಮಲ್ಲರಿಗೆ ದೊಡ್ಡ ಕನಸಾಗಿತ್ತು. ಸಾತಾರ ಜಿಲ್ಲೆಯ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕೂಟದಲ್ಲಿ ಕಂಚಿನ ಪದಕ ಪಡೆದುದೂ ಇಂಥದೇ ಮಣ್ಣಿನ ಸಾಧನೆಯ ಫಲ. ಮೈಸೂರಿನ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವಾದರೋ ಪೂಜಾವಿಧಿಯ ಅಂಗ. ಆದರೂ ತಲೆಯಿಂದ ನೆತ್ತರು ಚಿಮ್ಮಿದೊಡನೆ ಅದು ಮುಗಿಯುತ್ತದೆ. ಅಲ್ಲಿಯೂ ಪ್ರಮಾಣವೆಂದರೆ ದೇಹವೇ. ಈ ಪರಂಪರೆಯಲ್ಲಿ ಬೆಳೆದ ಕಣ್ಣು 'ಯಾರು ಗೆದ್ದರು?' ಎಂದು ಮೊದಲು ಕೇಳುವುದು ಸಹಜವೇ ಸರಿ.

ಆದರೆ ಈ ನಗರಗಳಿಗೆ ಕನ್ನಡಿಗರು ತಂದ ಬುತ್ತಿಯಲ್ಲಿ ಇನ್ನೊಂದು ಪರಂಪರೆಯೂ ಇದೆ. ಕರಾವಳಿಯವರು ತಮ್ಮೊಡನೆ ಯಕ್ಷಗಾನವನ್ನೂ ತಾಳಮದ್ದಲೆಯನ್ನೂ ತಂದರು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಆಶುವಾಗಿ ಮಾತು ಕಟ್ಟುತ್ತಾರೆ. ವಾಲಿಯು ರಾಮನ ಬಾಣಕ್ಕೆ ಬೀಳುವನೆಂಬುದು ಚಾವಡಿಯಲ್ಲಿ ಕುಳಿತ ಮಕ್ಕಳಿಗೂ ಗೊತ್ತು. ಆದರೂ ಜನರು ನಿದ್ದೆಗೆಟ್ಟು ಕೇಳುತ್ತಾರೆ. ಏಕೆಂದರೆ ಕಥೆಯಲ್ಲಿ ಸೋಲುವ ಪಾತ್ರವು ಮಾತಿನಲ್ಲಿ ಗೆಲ್ಲಬಹುದು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿ, ರಾವಣ, ಮಾಗಧರಂಥ ಪ್ರತಿನಾಯಕರ ಅರ್ಥಗಾರಿಕೆಯಿಂದಲೇ ಕೀರ್ತಿವಂತರಾದರು. ಇಲ್ಲಿ ಪ್ರೇಕ್ಷಕನು ಕೇಳುವ ಪ್ರಶ್ನೆ 'ಯಾರು ಗೆದ್ದರು?' ಎಂಬುದಲ್ಲ, 'ಹೇಗೆ ನಿರ್ವಹಿಸಿದರು?' ಎಂಬುದು. ಪ್ರದರ್ಶನ ಕುಸ್ತಿಯು ಮೊದಲನೆಯ ಪರಂಪರೆಯ ಉಡುಪನ್ನು ತೊಟ್ಟು ಎರಡನೆಯದರ ತೀರ್ಪನ್ನು ಬೇಡುತ್ತದೆ. ಗೊಂದಲದ ಮೂಲ ಇದೇ.

ಮುಂಬಯಿಗೆ ಈ ಕಲೆ ಹೊಸದೇನಲ್ಲ. 1950 ಮತ್ತು 60ರ ದಶಕಗಳಲ್ಲಿ ವರಳಿಯ ವಲ್ಲಭಭಾಯಿ ಪಟೇಲ್ ಕ್ರೀಡಾಂಗಣದಲ್ಲಿ 'ಫ್ರೀಸ್ಟೈಲ್' ಕುಸ್ತಿಗಳಿಗೆ ಜನಸಾಗರವೇ ನೆರೆಯುತ್ತಿತ್ತು. ಪಂಜಾಬಿನ ದಾರಾಸಿಂಗ್ (1928-2012) ಒಂದು ಕಡೆ, ಹಂಗೆರಿಯ ಮೂಲದ ಮಹಾಕಾಯ ಕಿಂಗ್‌ಕಾಂಗ್ ಇನ್ನೊಂದು ಕಡೆ. 1968ರ ಮೇ 29ರಂದು ದಾರಾಸಿಂಗ್ ಮುಂಬಯಿಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿ ವಿಶ್ವವಿಜಯಿ ಎನಿಸಿಕೊಂಡನು. ಗರಡಿಯಲ್ಲಿ ನಿಜವಾಗಿಯೂ ಪಳಗಿದ ಪೈಲ್ವಾನನೊಬ್ಬನು ಪ್ರದರ್ಶನದ ಕಣದಲ್ಲಿ ನಾಯಕನಾಗಿ, ಚಲಚ್ಚಿತ್ರದಲ್ಲಿ ವೀರನಾಗಿ, 1987ರಲ್ಲಿ ಆರಂಭವಾದ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾಗಿ ಜನಮನದಲ್ಲಿ ನೆಲೆನಿಂತನೆಂಬುದು ಗಮನಾರ್ಹ. ದಾರಾಸಿಂಗನ ಕಾಳಗಗಳು ದಿಟವೋ ಸಟೆಯೋ ಎಂಬ ಚರ್ಚೆ ಆಗಲೂ ಇತ್ತು. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಮನೆಮನೆಗೆ ಬಂದಾಗ ಹುಡುಗರು ಮಲ್ಲರ ಎತ್ತರ ತೂಕಗಳನ್ನು ಅಚ್ಚುಹಾಕಿದ ಟ್ರಂಪ್ ಕಾರ್ಡುಗಳನ್ನಿಟ್ಟು ಆಡತೊಡಗಿದರು. ಹಳೆಯ ಚರ್ಚೆ ಹೊಸ ಹೆಸರುಗಳೊಡನೆ ಮತ್ತೆ ಮೊದಲಾಯಿತು.

ದಿಟ ಸಟೆಗಳ ಪ್ರಶ್ನೆಯನ್ನಂತೂ ಕಂಪನಿಯೇ ಬಿಡಿಸಿಬಿಟ್ಟಿದೆ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ, ತಾವು ನಡೆಸುವುದು ಸ್ಪರ್ಧೆಯಲ್ಲ, ಮನರಂಜನೆ ಎಂದು ಆ ಸಂಸ್ಥೆಯವರು ಒಪ್ಪಿಕೊಂಡರು. ಕ್ರೀಡಾ ಆಯೋಗದ ನಿಯಂತ್ರಣವನ್ನೂ ತೆರಿಗೆಯನ್ನೂ ತಪ್ಪಿಸಿಕೊಳ್ಳುವುದು ಅದರ ಹಿಂದಿನ ಉದ್ದೇಶ. ಆದರೆ ಕುಸ್ತಿಯನ್ನು ಮನರಂಜನೆಯೆಂದು ಎಣಿಸುವುದು ಅಮೆರಿಕದ ಆವಿಷ್ಕಾರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ವು ಮಲ್ಲಯುದ್ಧವನ್ನು ಅರಸನ ವಿನೋದಗಳಲ್ಲಿ ಒಂದಾಗಿ ಪರಿಗಣಿಸಿ 'ಮಲ್ಲವಿನೋದ'ವೆಂದು ಕರೆಯಿತು. (ಈ ಕಲ್ಯಾಣವು ಠಾಣೆ ಜಿಲ್ಲೆಯದಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣವೆಂಬುದನ್ನು ಇಲ್ಲಿಯ ಓದುಗರಿಗೆ ನೆನಪಿಸಬೇಕಾಗಿಲ್ಲ.) ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1957ರಲ್ಲಿ ಪ್ರಕಟವಾದ ತನ್ನ ಪ್ರಬಂಧಸಂಗ್ರಹದಲ್ಲಿ ಪ್ಯಾರಿಸಿನ ಪ್ರದರ್ಶನ ಕುಸ್ತಿಯನ್ನು ಪ್ರಾಚೀನ ನಾಟಕಕ್ಕೆ ಹೋಲಿಸಿದನು. ಆತನ ವಾದದ ತಿರುಳು ಇಷ್ಟು: ಅಲ್ಲಿ ನೆರೆದವರಿಗೆ ಬೇಕಾದುದು ಫಲಿತಾಂಶವಲ್ಲ, ನೋವು, ಸೋಲು, ನ್ಯಾಯ ಇವು ಕಣ್ಣಿಗೆ ಕಾಣುವಂತೆ ಮೈದಾಳುವುದು.

ಕಣದೊಳಗೆ ಕಥೆಯನ್ನು ಕಟ್ಟುವ ಬಗೆಯನ್ನು ಅರಿತರೆ ಈ ಮಾತು ಸ್ಪಷ್ಟವಾಗುತ್ತದೆ. ಗೆಲ್ಲುವವನು ಯಾರು, ಕಾಳಗಕ್ಕೆ ಎಷ್ಟು ಹೊತ್ತು, ಮುಕ್ತಾಯ ಹೇಗೆ ಎಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ನಡುವಣ ಭಾಗವನ್ನು ಮಲ್ಲರು ಬಹುಮಟ್ಟಿಗೆ ಸ್ಥಳದಲ್ಲಿಯೇ, ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುತ್ತ ಕಟ್ಟುವುದುಂಟು. ತೀರ್ಪುಗಾರನು ಒಳಗಿನವರಿಗೆ ಹೊರಗಿನ ಸೂಚನೆಗಳನ್ನು ತಲಪಿಸುತ್ತಾನೆ. ಸಾಮಾನ್ಯ ಕ್ರಮವೆಂದರೆ, ಮೊದಲು ನಾಯಕನ ಮೇಲುಗೈ; ಆಮೇಲೆ ಪ್ರತಿನಾಯಕನ ವಂಚನೆ, ನಾಯಕನ ದೀರ್ಘವಾದ ಸಂಕಟ; ಅಲ್ಲಲ್ಲಿ ಮಿಂಚಿ ಮಾಯವಾಗುವ ಆಸೆ; ಕಡೆಗೆ ಮರುಹೋರಾಟ ಮತ್ತು ಮುಕ್ತಾಯ. ಪೆಟ್ಟು ಕೊಡುವುದಕ್ಕಿಂತ ಪೆಟ್ಟನ್ನು ಪ್ರಕಟಿಸುವುದು ಕಷ್ಟದ ವಿದ್ಯೆ. ಕಾಲಿಗೆ ಏಟು ಬಿದ್ದ ಮಲ್ಲನು ಹತ್ತು ನಿಮಿಷಗಳ ನಂತರವೂ ಕುಂಟುವುದನ್ನು ಮರೆಯದಿದ್ದರೆ ಕಥೆ ಬೆಳೆಯುತ್ತದೆ, ಮರೆತರೆ ಕುಸಿಯುತ್ತದೆ. ಬಲ್ಲ ಪ್ರೇಕ್ಷಕರು ಚರ್ಚಿಸುವುದು ಬಹುತೇಕ ಇಂಥ ಸೂಕ್ಷ್ಮಗಳನ್ನೇ.

ಇದನ್ನು ಅರ್ಥಮಾಡಿಕೊಳ್ಳಲು ಕನ್ನಡ ವಾಚಕರು ದೂರ ಹೋಗಬೇಕಾಗಿಲ್ಲ. ಭಾರತದ ಗದಾಯುದ್ಧವನ್ನು ರನ್ನನು ಒಂದು ಇಡೀ ಕಾವ್ಯದ ವಸ್ತುವಾಗಿ ಮಾಡಿಕೊಂಡನು. ಭೀಮನು ಗೆಲ್ಲುವನೆಂಬುದು ಎಲ್ಲರಿಗೂ ಗೊತ್ತು. ತೊಡೆಗೆ ಹೊಡೆಯುವುದು ನಿಯಮಬಾಹಿರವೆಂಬುದೂ ಗೊತ್ತು. ಬಲರಾಮನು ಕೆರಳುವನೆಂಬುದೂ ಗೊತ್ತು. ಆದರೂ ಧರ್ಮದ ಪಕ್ಷವು ಅಧರ್ಮದ ಏಟಿನಿಂದ ಗೆದ್ದಿತಲ್ಲ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಮುಕ್ತಾಯ ತಿಳಿದಿರುವುದು ಚರ್ಚೆಯನ್ನು ಕೊಲ್ಲುವುದಿಲ್ಲ. ಅದು ಚರ್ಚೆಯನ್ನು ಫಲಿತಾಂಶದಿಂದ ನಿರ್ವಹಣೆಗೆ, ನಿರ್ವಹಣೆಯಿಂದ ನ್ಯಾಯಕ್ಕೆ ಒಯ್ಯುತ್ತದೆ.

ಇನ್ನು ವೀಕ್ಷಕ ವಿವರಣೆ. ಸಾಮಾನ್ಯವಾಗಿ ಇಬ್ಬರು ವಿವರಣೆಕಾರರಿರುತ್ತಾರೆ: ಒಬ್ಬನು ನಡೆಯುತ್ತಿರುವುದನ್ನು ಹೇಳುವವನು, ಇನ್ನೊಬ್ಬನು ಎಷ್ಟೋ ವೇಳೆ ಪ್ರತಿನಾಯಕನ ಪಕ್ಷ ವಹಿಸಿ ಅವನ ವಂಚನೆಗೂ ನೆವ ಹುಡುಕುವವನು. ಇವರನ್ನು ಭಾಗವತರಿಗೂ ಹಾಸ್ಯಗಾರನಿಗೂ ಹೋಲಿಸಬಹುದಾದರೂ ಒಂದು ಮುಖ್ಯ ವ್ಯತ್ಯಾಸವಿದೆ. ಭಾಗವತರ ಪದವು ರಂಗದ ಮೇಲಿರುವವರಿಗೂ ಮುಂದೆ ಕುಳಿತವರಿಗೂ ಸಮಾನವಾಗಿ ಕೇಳಿಸುತ್ತದೆ, ಆಟವನ್ನು ನಡೆಸುತ್ತದೆ. ಕುಸ್ತಿಯ ವಿವರಣೆಯಾದರೋ ಕ್ರೀಡಾಂಗಣದಲ್ಲಿ ಕುಳಿತವರಿಗೆ ಕೇಳಿಸುವುದೇ ಇಲ್ಲ. ಅದು ಮನೆಯಲ್ಲಿ ಕುಳಿತವನಿಗಾಗಿ ಮಾತ್ರ. ಕಥೆಯ ಹಿನ್ನೆಲೆಯನ್ನು ನೆನಪಿಸಿ, ಒಂದು ನೋಟಕ್ಕೆ ಅರ್ಥವನ್ನು ಹಚ್ಚಿ, ಪೆಟ್ಟಿನ ಭಾರವನ್ನು ಸ್ವರದಲ್ಲಿ ಸೂಚಿಸುವುದು ಅವನ ಕೆಲಸ. ಹಿಂದಿಯ ವಿವರಣೆ ಬಂದ ಮೇಲೆ ನೋಡುವವರ ಬಳಗ ಹಿಗ್ಗಿತೆಂಬುದು ನಿಜ. ಆದರೆ ಮಾತು ತುಂಬಿದಷ್ಟೂ ಕಾಳಗ ಮರೆಯಾಗುತ್ತದೆಂಬ ಆಕ್ಷೇಪವೂ ಪ್ರೇಕ್ಷಕರಲ್ಲಿ ಇಲ್ಲದಿಲ್ಲ. ಮೌನವನ್ನು ಬಲ್ಲ ವಿವರಣೆಕಾರನೇ ಉತ್ತಮನೆಂಬಲ್ಲಿ ಹೆಚ್ಚಿನವರು ಒಪ್ಪುತ್ತಾರೆ.

ವಿವರಣೆಯ ಮಾತಿಗೆ ಎಷ್ಟು ತೂಕವಿರಬಲ್ಲುದೆಂಬುದು 1999ರ ಮೇ 23ರಂದು ಕಂಡಿತು. ಅಂದು ಅಮೆರಿಕದ ಕಾನ್ಸಾಸ್ ನಗರದಲ್ಲಿ ಓವೆನ್ ಹಾರ್ಟ್ ಎಂಬ ಮಲ್ಲನನ್ನು ಪ್ರವೇಶದ ವೈಭವಕ್ಕಾಗಿ ಮಾಳಿಗೆಯಿಂದ ಹಗ್ಗದ ಮೂಲಕ ಇಳಿಸುವಾಗ ಆತನು ಕಳಚಿ ಕಣಕ್ಕೆ ಬಿದ್ದು ಸತ್ತನು. ವರ್ಷಗಟ್ಟಲೆ ನಟನೆಯನ್ನು ನಿಜವೆಂದು ನಂಬಿಸುವುದೇ ಕಸುಬಾಗಿದ್ದ ವಿವರಣೆಕಾರ ಜಿಮ್ ರಾಸ್‌ಗೆ, ಇದು ನಟನೆಯಲ್ಲ, ನಿಜ ಎಂದು ಮನೆಯಲ್ಲಿದ್ದ ವೀಕ್ಷಕರನ್ನು ನಂಬಿಸಬೇಕಾಗಿ ಬಂದಿತು. ಸಾವಿನ ಸುದ್ದಿಯನ್ನೂ ಆತನೇ ಹೇಳಿದನು. ಕ್ರೀಡಾಂಗಣದಲ್ಲಿದ್ದವರಿಗೆ ಅದನ್ನು ತಿಳಿಸಲಿಲ್ಲ. ಉಳಿದ ಕಾಳಗಗಳು ಮುಂದುವರಿದವು. 'ಅದೆಲ್ಲ ಸುಳ್ಳು' ಎಂಬ ಒಂದೇ ಮಾತಿನ ತೀರ್ಪು ಇಲ್ಲಿ ನಿಲ್ಲಲಾರದು. ಫಲಿತಾಂಶವು ಕಲ್ಪಿತ, ದೇಹವು ಕಲ್ಪಿತವಲ್ಲ. ಎಲುಬು ಮುರಿಯುವುದು, ತಲೆಗೆ ಪೆಟ್ಟಾಗುವುದು, ಆಯುಷ್ಯ ಸವೆಯುವುದು ನಿಜವೇ. ಆದುದರಿಂದ ಸಾಹಸವು ಕಥೆಗೆ ಬೇಕಾದಷ್ಟೇ ಇತ್ತೆ, ಬರಿಯ ಬೆರಗಿಗಾಗಿ ಮನುಷ್ಯನನ್ನು ಪಣವಿಡಲಾಯಿತೆ ಎಂದು ಕೇಳುವ ಹಕ್ಕೂ ಹೊಣೆಯೂ ಪ್ರೇಕ್ಷಕನಿಗೆ ಉಂಟು.

ಪ್ರೇಕ್ಷಕರು ಹೆಚ್ಚಾಗಿ ವಾದಿಸಿದ ಎರಡು ಪ್ರಕರಣಗಳಲ್ಲಿ ಅಳತೆಗೋಲುಗಳ ಭೇದವನ್ನು ಪರೀಕ್ಷಿಸಬಹುದು. 2007ರ ಜುಲೈಯಲ್ಲಿ ಪಂಜಾಬ್ ಪೊಲೀಸ್ ಪಡೆಯಲ್ಲಿದ್ದ ದಲೀಪ್‌ಸಿಂಗ್ ರಾಣಾ, ಅಂದರೆ 'ಗ್ರೇಟ್ ಖಲಿ', ವಿಶ್ವ ಹೆವಿವೇಟ್ ಪಟ್ಟವನ್ನು ಪಡೆದಾಗ ಭಾರತದಲ್ಲೆಲ್ಲ ಹರ್ಷವುಂಟಾಯಿತು. 'ನಮ್ಮವನು ಗೆದ್ದನು' ಎಂಬುದು ಮೊದಲನೆಯ ಅಳತೆ. ಏಳಡಿ ಎತ್ತರದ ಆ ದೇಹವು ಚಲನೆಯಲ್ಲಿ ಮಂದವಾಗಿತ್ತು, ಕಾಳಗ ಕಳೆಗಟ್ಟಲಿಲ್ಲ ಎಂಬುದು ಎರಡನೆಯದು. ಎರಡು ಮಾತುಗಳಿಗೂ ವಿರೋಧವಿಲ್ಲ. ಇನ್ನು 2014ರ ಏಪ್ರಿಲ್ 6ರ ಪ್ರಕರಣ: ವಾರ್ಷಿಕ 'ರೆಸಲ್‌ಮೇನಿಯ' ಕೂಟದಲ್ಲಿ 21 ಕಾಳಗಗಳನ್ನು ಸತತವಾಗಿ ಗೆದ್ದಿದ್ದ 'ಅಂಡರ್‌ಟೇಕರ್' ಅಂದು ಬ್ರಾಕ್ ಲೆಸ್ನರ್‌ಗೆ ಸೋತನು. ಗೆಲವುಗಳೆಲ್ಲ ಮೊದಲೇ ನಿಶ್ಚಿತವಾಗಿದ್ದವೆಂದು ಬಲ್ಲ ಸಾವಿರಾರು ಜನ ಕ್ರೀಡಾಂಗಣದಲ್ಲಿ ಸ್ತಬ್ಧರಾಗಿ ನಿಂತರು. ಅವರು ಮೋಸಹೋದವರಲ್ಲ, ಎರಡು ದಶಕಗಳಿಗೂ ಮೀರಿ ಬೆಳೆದ ಕಥೆಯೊಂದಕ್ಕೆ ಈ ಮುಕ್ತಾಯ ತಕ್ಕುದೆ ಎಂಬುದು ಅವರ ವ್ಯಥೆ. ಇದು ಅಪ್ಪಟ ಔಚಿತ್ಯದ ಪ್ರಶ್ನೆ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಕಾವ್ಯದ ಜೀವವೆಂದು ಕರೆದುದು ಈ ಔಚಿತ್ಯವನ್ನೇ.

ವಲಸೆ ಬಂದವರು ವಿಶೇಷವಾಗಿ ವಿಚಾರಿಸಬೇಕಾದ ಮೂರನೆಯ ಪ್ರಕರಣವೊಂದಿದೆ. ಕೆನಡದ ಕ್ಯಾಲ್ಗರಿಯಲ್ಲಿ ಪಂಜಾಬಿ ಮನೆತನದಲ್ಲಿ ಹುಟ್ಟಿದ ಜಿಂದರ್ ಮಹಲ್ 2017ರ ಮೇ ತಿಂಗಳಿನಿಂದ ನವೆಂಬರಿನವರೆಗೆ ಡಬ್ಲ್ಯುಡಬ್ಲ್ಯುಇ ಪಟ್ಟವನ್ನು ಧರಿಸಿದ್ದನು. ಆತನಿಗೆ ಕೊಟ್ಟ ಪಾತ್ರ ಪ್ರತಿನಾಯಕನದು. ಕಂಡ ದೋಷವೆಂದರೆ ಆತನು ಹೊರಗಿನವನು. 'ನನ್ನ ಮೈಬಣ್ಣಕ್ಕಾಗಿ, ನನ್ನ ಭಾಷೆಗಾಗಿ ನೀವು ನನ್ನನ್ನು ದ್ವೇಷಿಸುತ್ತೀರಿ' ಎಂಬರ್ಥದ ದೂರನ್ನು ಆತನ ಬಾಯಲ್ಲಿ ಇಟ್ಟು, ಆ ದೂರಿಗಾಗಿಯೇ ಜನರು ಅವನನ್ನು ಹಳಿಯುವಂತೆ ಕಥೆಯನ್ನು ಕಟ್ಟಲಾಯಿತು. 1966ರ ಬಳಿಕ ಮುಂಬಯಿಯಲ್ಲಿ ದಾಕ್ಷಿಣಾತ್ಯರ ವಿರುದ್ಧ ಎದ್ದ ಚಳವಳಿಯ ದಿನಗಳನ್ನು ಕಂಡ ಮನೆತನಗಳಿಗೆ ಈ ಕಥೆಯ ಹೊರಳು ಅಪರಿಚಿತವಲ್ಲ. ತಾಳಮದ್ದಲೆಯ ವಾಲಿಯೂ ದೂರುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟುದು ಯಾವ ಧರ್ಮವೆಂದು ರಾಮನನ್ನೇ ಕೇಳುತ್ತಾನೆ. ಆದರೆ ಸಮರ್ಥ ಅರ್ಥಧಾರಿಯ ವಾಲಿಗೆ ಆ ಪ್ರಶ್ನೆಯ ಪೂರ್ಣ ಗೌರವ ದೊರೆಯುತ್ತದೆ; ರಾಮನು ಉತ್ತರ ಕೊಡಲೇಬೇಕಾಗುತ್ತದೆ. ಜಿಂದರನ ಪ್ರಶ್ನೆಗೆ ಕಣದಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅದು ಮಲ್ಲನ ಸೋಲಲ್ಲ, ಕಥೆ ಬರೆದವರ ಸೋಲು.

ಮುಂಬಯಿಯ ಈ ಹೊರನಗರಗಳಲ್ಲಿ ಬೆಳೆದ ಕಿರಿಯರು ಇಂಥ ವಿಚಾರಗಳನ್ನು ಇಂಗ್ಲಿಷು, ಹಿಂದಿ, ಮರಾಠಿಗಳಲ್ಲಿ ನಡೆಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಮಾತಿಲ್ಲವೆಂದು ಅವರು ಭಾವಿಸಿದ್ದರೆ ಆ ಭಾವನೆಯನ್ನು ತಿದ್ದುವ ಹೊಣೆ ಹಿರಿಯರದು. ಪ್ರಸಂಗ, ಪೀಠಿಕೆ, ರಂಗನಡೆ, ಅರ್ಥಗಾರಿಕೆ, ಪ್ರತಿನಾಯಕ, ಔಚಿತ್ಯ, ಈ ಒಂದೊಂದು ಶಬ್ದವೂ ಪ್ರದರ್ಶನ ಕುಸ್ತಿಯ ವಿಮರ್ಶೆಗೆ ಹಾಗೆಯೇ ಒದಗಿಬರುತ್ತದೆ. ಜಾತ್ರೆಯ ಕುಸ್ತಿಯನ್ನು ಬಲ್ಲವರು ದೇಹದ ದುಡಿಮೆಯನ್ನು ಗುರುತಿಸಬಲ್ಲರು. ತಾಳಮದ್ದಲೆಯನ್ನು ಬಲ್ಲವರು ಪಾತ್ರದ ನ್ಯಾಯವನ್ನು ಗುರುತಿಸಬಲ್ಲರು. ಈ ಎರಡು ಅರಿವುಗಳೂ ಸೇರಿದಲ್ಲಿ 'ಇದು ಸುಳ್ಳಲ್ಲವೆ?' ಎಂಬ ಪ್ರಶ್ನೆ ಹಿಂದೆ ಸರಿದು, ಈ ಕಥೆಯನ್ನು ಚೆನ್ನಾಗಿ ಹೇಳಿದರೆ, ಹೇಳುವಾಗ ಯಾರ ಮೈಯನ್ನು ಸವೆಸಿದರು, ಯಾರನ್ನು ಹೊರಗಿನವರನ್ನಾಗಿ ಮಾಡಿದರು ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ವಾದವು ಅಲ್ಲಿಂದ ಆರಂಭವಾದರೆ ಅದಕ್ಕೆ ಫಲವುಂಟು.