ಮಿತ ವೆಚ್ಚದ ಟರ್ಬೊ ಕಾರು: ಎಂಜಿನ್ ಆಯ್ಕೆಗೆ ಮುನ್ನ

ಕಳೆದ ಬೇಸಿಗೆಯಲ್ಲಿ ಶಹಾಪುರ ತಾಲ್ಲೂಕಿನ ಶಿರವಾಳದ ಹತ್ತಿ ವ್ಯಾಪಾರಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನನ್ನ ಕಚೇರಿಗೆ ಬಂದಿದ್ದರು. ಅವರ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ 2012ರ ಮಾದರಿಯ ಸ್ವಿಫ್ಟ್ ಪೆಟ್ರೋಲ್ ಕಾರೊಂದಿದೆ. ಅದಕ್ಕೆ ಟರ್ಬೊ ಅಳವಡಿಸಲು ಗ್ಯಾರೇಜಿನವರು ಬರೆದುಕೊಟ್ಟ ₹95,000ದ ಅಂದಾಜು ಪಟ್ಟಿ ಮಗನ ಕೈಯಲ್ಲಿತ್ತು. ಇರುವ ಎಂಜಿನ್ನಿಗೇ ಟರ್ಬೊ ಕೂಡಿಸುವುದೋ, ಗುಜರಿಯಿಂದ ಟರ್ಬೊ ಸಹಿತವಾದ ಎಂಜಿನ್ ತಂದು ಇಳಿಸುವುದೋ ಎಂಬುದು ಮಗನ ಪ್ರಶ್ನೆ. ಈ ಮೊತ್ತವನ್ನು ‘ವಾಹನ ದುರಸ್ತಿ’ ಖಾತೆಗೆ ಹಾಕಬಹುದೇ ಎಂಬುದು ತಂದೆಯ ಪ್ರಶ್ನೆ. ಇಂತಹ ವಿಚಾರಣೆಗಳು ಸದಸ್ಯರ ಮನೆಗಳಿಂದ ಈಗ ಆಗಾಗ ಬರುತ್ತಿರುವುದರಿಂದ, ಅಂದು ಹೇಳಿದ್ದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಎಂಜಿನ್ನಿನ ಶಕ್ತಿಯು ಅದು ಒಳಗೆಳೆದುಕೊಳ್ಳುವ ಗಾಳಿಯ ಪ್ರಮಾಣವನ್ನು ಅವಲಂಬಿಸಿದೆ. ಗಾಳಿ ಹೆಚ್ಚಿದ್ದಷ್ಟೂ ಹೆಚ್ಚು ಇಂಧನವನ್ನು ಉರಿಸಬಹುದು. ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಮೇಲಿರುವ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಸಾಧನವೇ ಟರ್ಬೊ. ಹೊಗೆಯ ಜೊತೆಗೆ ವ್ಯರ್ಥವಾಗುತ್ತಿದ್ದ ಶಕ್ತಿಯ ಒಂದಂಶ ಮರಳಿ ದೊರೆಯುತ್ತದೆ ಎಂಬುದೇನೋ ನಿಜ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಎಂಜಿನ್ ಆಯ್ಕೆಯ ತೊಡಕೆಲ್ಲವೂ ಈ ಬಿಸಿಯಲ್ಲಿಯೇ ಅಡಗಿದೆ.

ನಮ್ಮ ಭಾಗದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಮೇ ತಿಂಗಳ ಮಧ್ಯಾಹ್ನ ಹೊರಗಿನ ಗಾಳಿ 42 ಡಿಗ್ರಿ ಸೆಲ್ಸಿಯಸ್ ಇದೆ ಎನ್ನಿ. ವಾತಾವರಣದ ಒತ್ತಡಕ್ಕಿಂತ ಅರ್ಧದಷ್ಟು ಹೆಚ್ಚು ಒತ್ತಡವನ್ನು ಸಾಧಾರಣ ದಕ್ಷತೆಯ ಟರ್ಬೊ ನೀಡಿದರೆ, ಗಾಳಿಯ ಉಷ್ಣತೆ ಸುಮಾರು 100 ಡಿಗ್ರಿಗೆ ಏರುತ್ತದೆ. ಬಿಸಿಗಾಳಿ ಹಿಗ್ಗುವುದರಿಂದ, ಶೇ. 50ರಷ್ಟು ಹೆಚ್ಚು ಗಾಳಿ ಸಿಗುವುದೆಂದು ಎಣಿಸಿದವನಿಗೆ ಕೈಗೆ ಬರುವುದು ಶೇ. 26ರಷ್ಟು ಮಾತ್ರ. ಇಂಟರ್‌ಕೂಲರ್ ಇಟ್ಟು ಅದನ್ನು 60 ಡಿಗ್ರಿಗೆ ಇಳಿಸಿದರೆ ಶೇ. 42ರವರೆಗೆ ದೊರೆತೀತು. ಜನವರಿಯ ಮುಂಜಾನೆ, 15 ಡಿಗ್ರಿ ಚಳಿಯಲ್ಲಿ, ಇದೇ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 70 ಡಿಗ್ರಿ ಇರುತ್ತದೆ. ಅಂದು ಸೊಗಸಾಗಿ ಓಡಿದ ಕಾರು ಮೇ ತಿಂಗಳಿನಲ್ಲಿ ಶಹಾಪುರದಿಂದ ಸುರಪುರದ ಕಡೆಗೆ ಹೊರಟಾಗ ಕಟಕಟನೆ ಸದ್ದು ಮಾಡತೊಡಗುತ್ತದೆ. ಇಂಧನವು ಸಕಾಲಕ್ಕೆ ಮೊದಲೇ ತಾನಾಗಿ ಸಿಡಿಯುವ ಈ ದೋಷಕ್ಕೆ ‘ನಾಕಿಂಗ್’ ಎನ್ನುತ್ತಾರೆ. ಪಿಸ್ಟನ್ ತೂತಾಗಲು ಇದು ಸಾಕು.

ತಯಾರಕರು ಇದನ್ನು ಹೇಗೆ ನಿಭಾಯಿಸುತ್ತಾರೆಂಬುದಕ್ಕೆ ಫಿಯಟ್ ಲೀನಿಯಾ ಉತ್ತಮ ಉದಾಹರಣೆ. ನಮ್ಮ ದೇಶದಲ್ಲಿ 2009ರಲ್ಲಿ ಬಂದ ಈ ಕಾರಿನ 1368 ಸಿಸಿ ಪೆಟ್ರೋಲ್ ಎಂಜಿನ್ 90 ಪಿಎಸ್ ಶಕ್ತಿಯನ್ನೂ 115 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತಿತ್ತು. 2010ರಲ್ಲಿ ಬಂದ ಟಿ-ಜೆಟ್ ಮಾದರಿಯ ಗಾತ್ರವೂ 1368 ಸಿಸಿ. ಆದರೆ ಶಕ್ತಿ 114 ಪಿಎಸ್, ಟಾರ್ಕ್ 207 ನ್ಯೂಟನ್ ಮೀಟರ್. ಎಳೆಯುವ ಬಲ ಬಹುತೇಕ ಇಮ್ಮಡಿಯಾಯಿತು. ಇದು ಕೇವಲ ಟರ್ಬೊ ಸಿಕ್ಕಿಸಿದ್ದರಿಂದ ಆದದ್ದಲ್ಲ. ಸಂಕೋಚನ ಅನುಪಾತವನ್ನು ತಗ್ಗಿಸಿ, ಪಿಸ್ಟನ್, ಎಣ್ಣೆಯ ಹರಿವು, ತಂಪು ವ್ಯವಸ್ಥೆ, ಕ್ಲಚ್ಚು, ಗೇರ್‌ಬಾಕ್ಸ್, ನಿಯಂತ್ರಣ ಗಣಕ ಎಲ್ಲವನ್ನೂ ಆ ಬಲಕ್ಕೆ ತಕ್ಕಂತೆ ರೂಪಿಸಲಾಗಿತ್ತು. ಗ್ಯಾರೇಜಿನ ₹95,000ದ ಪಟ್ಟಿಯಲ್ಲಿ ಇದ್ದದ್ದು ಟರ್ಬೊ, ಕೊಳವೆಗಳು ಮತ್ತು ಕೂಲಿ. ಪಿಸ್ಟನ್ ಇಲ್ಲ, ಇಂಜೆಕ್ಟರ್ ಇಲ್ಲ, ಗಣಕದ ಹೊಂದಾಣಿಕೆ ಇಲ್ಲ, ಕ್ಲಚ್ಚು ಇಲ್ಲ. ಇಂಟರ್‌ಕೂಲರಿನ ಮುಂದೆ ‘ಬೇಕಾದರೆ’ ಎಂದು ಬರೆದಿತ್ತು! ಇದಲ್ಲದೆ ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಸಿಡಿತವನ್ನು ತಡೆಯುವ ಗುಣ ಅದರಲ್ಲಿ ಹೆಚ್ಚಿರುವುದು ಅನುಕೂಲವೇ ಸರಿ; ಆದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾಗುವುದರಿಂದ ಹಳೆಯ ಇಂಜೆಕ್ಟರುಗಳ ಮೇಲಿನ ಹೊರೆ ಇನ್ನಷ್ಟು ಏರುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನೂ ಪರೀಕ್ಷಿಸತಕ್ಕದ್ದು. ಪಟ್ಟಿಯನ್ನು ಪೂರ್ಣಗೊಳಿಸುತ್ತ ಹೋದಂತೆ ಮೊತ್ತ ಇಮ್ಮಡಿಯನ್ನು ದಾಟಿತು.

ಹಾಗಾದರೆ ಗುಜರಿಯ ಎಂಜಿನ್? ಬೆಂಗಳೂರಿನ ಶಿವಾಜಿನಗರದಲ್ಲಾಗಲಿ, ನಮಗೆ ಹತ್ತಿರವಾದ ಹೈದರಾಬಾದಿನಲ್ಲಾಗಲಿ ಹುಡುಕಿದರೆ ಟರ್ಬೊ ಎಂಜಿನ್ನುಗಳು ಸಿಗದೆ ಇರವು. ಯಂತ್ರದ ದೃಷ್ಟಿಯಿಂದ ಇದು ಮೊದಲನೆಯದಕ್ಕಿಂತ ಮೇಲು. ಕಾಗದದ ದೃಷ್ಟಿಯಿಂದ ಮಾತ್ರ ಅಪಾಯಕಾರಿ. ಎಂಜಿನ್ ಎಂಬುದು ಯಂತ್ರವಷ್ಟೇ ಅಲ್ಲ, ಅದೊಂದು ದಾಖಲೆಯೂ ಹೌದು; ಅದರ ಸಂಖ್ಯೆ ನೋಂದಣಿ ಪತ್ರದಲ್ಲಿಯೂ ವಿಮಾ ಪಾಲಿಸಿಯಲ್ಲಿಯೂ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ₹5,000 ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕೆಟ್ಟ ಎಂಜಿನ್ನಿನ ಜಾಗದಲ್ಲಿ ಅದೇ ಮಾದರಿಯ ಎಂಜಿನ್ ಕೂಡಿಸಿ ಪ್ರಾಧಿಕಾರದ ಅನುಮೋದನೆಯೊಂದಿಗೆ ಸಂಖ್ಯೆ ಬದಲಿಸಿಕೊಳ್ಳುವುದು ಬೇರೆ ವಿಷಯ. ಅಲ್ಲಿಯೂ ಮಾರಿದವರ ಬಿಲ್ಲು, ಅದರಲ್ಲಿ ಎಂಜಿನ್ ಸಂಖ್ಯೆ, ಮೂಲ ವಾಹನದ ನೋಂದಣಿ ರದ್ದಾದ ಪತ್ರದ ಪ್ರತಿ ಬೇಕು. ಇವಿಲ್ಲದೆ ಕೊಂಡ ಎಂಜಿನ್ ಕಳವಿನ ಮಾಲಾದರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರು ಕೊಂಡವರೇ.

ವಿಮೆಯ ಬಗ್ಗೆ ಒಂದು ಅನುಭವವನ್ನು ಹೇಳಲೇಬೇಕು. ನನ್ನ ಕಕ್ಷಿದಾರರೊಬ್ಬರ ಕಾರು ಕೆಲವು ವರ್ಷಗಳ ಹಿಂದೆ ರಾತ್ರಿ ವೇಳೆ ಲಾರಿಯೊಂದಕ್ಕೆ ಹಿಂದಿನಿಂದ ಬಡಿಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಸಮೀಕ್ಷಕರು ಬಂದು ಎಂಜಿನ್ ಸಂಖ್ಯೆಯನ್ನು ತಾಳೆ ನೋಡಿದಾಗ ಅದು ಪಾಲಿಸಿಯಲ್ಲಿದ್ದ ಸಂಖ್ಯೆಯಾಗಿರಲಿಲ್ಲ. ಹಿಂದಿನ ಮಾಲೀಕ ಎಂಜಿನ್ ಬದಲಿಸಿದ್ದ. ಇವರಿಗೆ ತಿಳಿದಿರಲೂ ಇಲ್ಲ. ಕಾರಿನ ಹಾನಿಯ ಪರಿಹಾರ ನಿರಾಕರಿಸಲ್ಪಟ್ಟಿತು. ಅಂದಿನಿಂದ ನಾನು ಹಳೆಯ ಕಾರು ಕೊಳ್ಳುವವರಿಗೆಲ್ಲ ಮೊದಲು ಬಾನೆಟ್ ತೆಗೆಸಿ, ಕನ್ನಡಕ ಹಾಕಿಕೊಂಡು ಸಂಖ್ಯೆಯನ್ನು ಓದಿರಿ ಎನ್ನುತ್ತೇನೆ.

ಇನ್ನು ತಂದೆಯ ಪ್ರಶ್ನೆ. ಇದ್ದ ಆಸ್ತಿಯನ್ನು ಇದ್ದ ಸ್ಥಿತಿಯಲ್ಲಿ ಕಾಪಾಡುವ ವೆಚ್ಚವೇ ದುರಸ್ತಿ. ಹೊಸ ಅನುಕೂಲವನ್ನು ತರುವ ವೆಚ್ಚ ಬಂಡವಾಳ ಸ್ವರೂಪದ್ದು. ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಕಿದ ಗೆರೆ ಇದು. ಅದಕ್ಕೂ ಹಿಂದೆ, ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂಡಿಸಿದ ಸಾರಿಗೆ ಮಾಲೀಕರ ವಿಷಯದಲ್ಲಿ ಉಚ್ಚ ನ್ಯಾಯಾಲಯಗಳ ನಡುವೆಯೇ ಭಿನ್ನಾಭಿಪ್ರಾಯವಿತ್ತು. ಆದರೆ ಅವರು ಬಾಡಿಗೆಗೆ ಬಸ್ಸು, ಲಾರಿ ಓಡಿಸುವವರು. ಮಗನ ಹುಮ್ಮಸ್ಸಿಗೆ ಕೂಡಿಸಿದ ಟರ್ಬೊ ಹತ್ತಿ ವ್ಯಾಪಾರದ ವೆಚ್ಚವೆಂದು ಯಾವ ಅಧಿಕಾರಿಯೂ ಒಪ್ಪಲಾರ. ನಾನೂ ಸಹಿ ಹಾಕಲಾರೆ. ಜಿಎಸ್‌ಟಿ ಕಾಯ್ದೆಯ 17(5) ಕಲಮಿನಂತೆ, ಇಂತಹ ವ್ಯಾಪಾರದಲ್ಲಿ ಸ್ವಂತ ಓಡಾಟಕ್ಕಿರುವ ಕಾರಿನ ಮೇಲಷ್ಟೇ ಅಲ್ಲ, ಅದರ ದುರಸ್ತಿ, ವಿಮೆಗಳ ಮೇಲೂ ಹೂಡುವಳಿ ತೆರಿಗೆಯ ಜಮೆ ದೊರೆಯದು.

ಉಳಿದ ದಾರಿ ಒಂದೇ. ಟರ್ಬೊ ಎಂಜಿನ್ ಕಾರ್ಖಾನೆಯಿಂದಲೇ ಕೂಡಿ ಬಂದಿರುವ ಹಳೆಯ ಕಾರನ್ನು, ಅದರ ಕಾಗದಪತ್ರಗಳ ಸಮೇತ ಕೊಳ್ಳುವುದು. ಟಿ-ಜೆಟ್ ಮನಸ್ಸಿಗೆ ಹಿಡಿಸುವ ಎಂಜಿನ್. ಆದರೆ ಫಿಯಟ್ ಕಾರುಗಳ ಮಾರಾಟ ಇಲ್ಲಿ ನಿಂತುಹೋಗಿರುವುದರಿಂದ ಬಿಡಿಭಾಗಕ್ಕಾಗಿ ಕಾಯುವ ತಾಳ್ಮೆ ಬೇಕು. ಹೊಸ ತಲೆಮಾರಿನ ಒಂದು ಲೀಟರ್ ಟರ್ಬೊ ಪೆಟ್ರೋಲ್ ಕಾರುಗಳು ಚುರುಕಾಗಿವೆ, ಬೆಲೆ ಇನ್ನೂ ಇಳಿದಿಲ್ಲ. ಮಿತ ಬಂಡವಾಳದವರಿಗೆ ನನ್ನ ಮತ 1248 ಸಿಸಿಯ 1.3 ಲೀಟರ್ ಡೀಸೆಲ್ ಎಂಜಿನ್ನಿಗೆ. ಫಿಯಟ್ ರೂಪಿಸಿದ ಈ ಎಂಜಿನ್ 2007ರಿಂದ ಸ್ವಿಫ್ಟಿನಲ್ಲಿ, ಬಳಿಕ ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ ಮೊದಲಾದವುಗಳಲ್ಲಿ ಬಂದಿತು. ಮಾರುತಿಯವರು 2020ರಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದರೂ ಇದರ ಭಾಗಗಳೂ, ಇದನ್ನು ಬಿಚ್ಚಿ ಜೋಡಿಸಬಲ್ಲವರೂ ತಾಲ್ಲೂಕು ಕೇಂದ್ರಗಳಲ್ಲಿಯೇ ಸಿಗುತ್ತಾರೆ. ಪೆಟ್ರೋಲ್ ಸ್ವಿಫ್ಟಿನ 114 ನ್ಯೂಟನ್ ಮೀಟರಿನ ಎದುರು ಇದರ ಟಾರ್ಕ್ 190. ಡೀಸೆಲ್ ಎಂಜಿನ್ನಿನ ಒಳಗೆ ಮೊದಲು ಗಾಳಿಯನ್ನಷ್ಟೇ ಒತ್ತಲಾಗುವುದರಿಂದ ನಾನು ಮೇಲೆ ಹೇಳಿದ ಸಿಡಿತದ ಭಯವೂ ಇಲ್ಲ. ಕೊಳ್ಳುವಾಗ ಟರ್ಬೊದ ಅಚ್ಚು ಅಲುಗಾಡುತ್ತಿದೆಯೇ, ಕೊಳವೆಗಳಲ್ಲಿ ಎಣ್ಣೆ ಹೆಚ್ಚು ಒಸರಿದೆಯೇ, ವೇಗ ಹೆಚ್ಚಿಸಿದಾಗ ನೀಲಿ ಹೊಗೆ ಬರುತ್ತದೆಯೇ ಎಂದು ನೋಡಿಸಬೇಕು. ನೋಂದಣಿಯಾಗಿ 15 ವರ್ಷ ಸಮೀಪಿಸಿದ್ದರೆ ನವೀಕರಣದ ಶುಲ್ಕವನ್ನೂ ಬೆಲೆಯಲ್ಲಿ ಕಳೆಯಬೇಕು.

ಆ ಯುವಕ ಕಡೆಗೆ ಕಲಬುರಗಿಯಲ್ಲಿ 2015ರ ಡೀಸೆಲ್ ಸ್ವಿಫ್ಟ್ ಒಂದನ್ನು ತನ್ನ ಸ್ವಂತ ಹೆಸರಿಗೆ ಕೊಂಡ. ಸಂಸ್ಥೆಯ ಪೆಟ್ರೋಲ್ ಕಾರು ಈಗ ಮಾರಾಟಕ್ಕಿದೆ. ಸವಕಳಿ ಪಡೆದ ಕಾರನ್ನು ನೋಂದಾಯಿತ ಸಂಸ್ಥೆ ಮಾರಿದಾಗ, ಪುಸ್ತಕದಲ್ಲಿ ಉಳಿದ ಸವಕಳಿಯೋತ್ತರ ಮೌಲ್ಯಕ್ಕಿಂತ ಹೆಚ್ಚಾಗಿ ಬಂದ ಮೊತ್ತಕ್ಕೆ ಮಾತ್ರ ಶೇ. 18 ಜಿಎಸ್‌ಟಿ ಸಲ್ಲುತ್ತದೆ. ಅದಕ್ಕಿಂತ ಕಡಿಮೆಗೆ ಮಾರಿದರೆ ತೆರಿಗೆಯಿಲ್ಲ. ಆ ಮೌಲ್ಯ ಎಷ್ಟೆಂದು ಲೆಕ್ಕ ಹಾಕಿಕೊಡಲು ಕಾರಿನ ಮೂಲ ಬಿಲ್ಲು ಬೇಕಾಗಿದೆ. ಅದನ್ನು ತಂದೆಯವರು ಇನ್ನೂ ಹುಡುಕುತ್ತಿದ್ದಾರೆ.